ಲೇಬಲ್ ಬಿಟ್ಟು ಅಂಕಿ ಓದಿ: ಪೀಟರ್ ಡಾಸನ್ ಪ್ಲೇಟುಗಳಿಂದ ಒಂದು ವೃತ್ತಿಜೀವನ ಕಟ್ಟುವ ಬಗೆ

ಗಾಯಕ ಪೀಟರ್ ಡಾಸನ್ ಹುಟ್ಟಿದ್ದು 1882ರ ಜನವರಿ 31ರಂದು, ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ. ಮೊದಲು ಕಲಿತದ್ದು ಕೊಳಾಯಿ ಕೆಲಸ. 1902ರಲ್ಲಿ ಇಂಗ್ಲೆಂಡಿಗೆ ಹೋಗಿ ಹೆಸರಾಂತ ಬ್ಯಾರಿಟೋನ್ (ಗಂಡಸರ ನಡುಮಟ್ಟದ ಕಂಠದ ಗಾಯಕ) ಚಾರ್ಲ್ಸ್ ಸ್ಯಾಂಟ್ಲಿ ಅವರಲ್ಲಿ ಪಾಠ ಹೇಳಿಸಿಕೊಂಡರು. 1904ರಲ್ಲಿ ಎಡಿಸನ್ ಬೆಲ್ ಕಂಪನಿಯ, ಧ್ವನಿ ಹಿಡಿಯುವ ಮೇಣದ ಸಿಲಿಂಡರಿಗೆ ಹಾಡಿದವರು ಗ್ರಾಮಫೋನ್ ಕಂಪನಿಗೆ ಬಂದು, 1950ರ ದಶಕದಲ್ಲೂ ಮೈಕಿನ ಮುಂದೆ ನಿಂತಿದ್ದರು. 1961ರ ಸೆಪ್ಟೆಂಬರಿನಲ್ಲಿ ಸಿಡ್ನಿಯಲ್ಲಿ ತೀರಿಕೊಂಡರು.

ಅದೇ ಕಾಲದ ಇಟಲಿಯ ಬ್ಯಾರಿಟೋನ್ ಟಿಟ್ಟಾ ರುಫೋ ಅವರ ವೃತ್ತಿಯನ್ನು ಒಪೆರಾ ಮನೆಗಳ ಕಾರ್ಯಕ್ರಮ ಪಟ್ಟಿ ಹಿಡಿದು ಬರೆಯಬಹುದು: 1898ರಲ್ಲಿ ರೋಮ್, 1922ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಹೀಗೆ. ಡಾಸನ್ ಅವರ ವಿಷಯದಲ್ಲಿ ಆ ದಾರಿ ಬೇಗ ಮುಗಿಯುತ್ತದೆ. 1909ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ ವಾಗ್ನರನ ಒಪೆರಾದಲ್ಲಿ ರಾತ್ರಿ ಕಾವಲುಗಾರನ ಪುಟ್ಟ ಪಾತ್ರ ಮಾಡಿದರು. ಒಪೆರಾ ಅವರಿಗೆ ಹಿಡಿಸಲಿಲ್ಲ. ಕಛೇರಿ ವೇದಿಕೆಯನ್ನು ಬಿಟ್ಟರೆ ಅವರ ವೃತ್ತಿಯೆಲ್ಲ ಗ್ರಾಮಫೋನ್ ಪ್ಲೇಟುಗಳಲ್ಲೇ ಇದೆ. ಆದ್ದರಿಂದ ಪ್ಲೇಟು ಓದಲು ಬಾರದವರಿಗೆ ಈ ಗಾಯಕ ಅರ್ಧ ಮಾತ್ರ ಸಿಗುತ್ತಾರೆ. ಕೆಳಗಿನ ಕ್ರಮ ಡಾಸನ್ ಅವರಿಗೆ ಹೇಳಿದ್ದಾದರೂ ಆ ಕಾಲದ ಯಾವ ಗಾಯಕರಿಗೂ ಹೊಂದುತ್ತದೆ.

ಮೊದಲು ಹೆಸರಿನ ಗೋಜಲು ಬಿಡಿಸಿ

ಲೇಬಲ್ ಮೇಲಿನ ಹೆಸರು ವ್ಯಾಪಾರದ ಹೆಸರು. 1904ರ ಸಿಲಿಂಡರಿನಲ್ಲಿ ಡಾಸನ್ ಅವರ ಹೆಸರು ‘ಲಿಯೊನಾರ್ಡ್ ಡಾಸನ್’. ಸ್ಕಾಟಿಷ್ ಹಾಸ್ಯಗೀತೆಗಳಿಗೆ ‘ಹೆಕ್ಟರ್ ಗ್ರ್ಯಾಂಟ್’. ಮ್ಯೂಸಿಕ್ ಹಾಲ್ ಹಾಡುಗಳಿಗೆ ‘ವಿಲ್ ಸ್ಟ್ರಾಂಗ್’. ಸಂಯೋಜಕರಾಗಿ ಕೆಲಸ ಮಾಡಿದಾಗ ‘ಜೆ. ಪಿ. ಮೆಕಾಲ್’: ಕಿಪ್ಲಿಂಗರ ‘ಬೂಟ್ಸ್’ ಪದ್ಯಕ್ಕೆ ಧಾಟಿ ಹಾಕಿದ್ದು ಈ ಹೆಸರಿನಲ್ಲಿ. ಅಂದರೆ ಒಂದೇ ಲೇಬಲ್ಲಿನಲ್ಲಿ ಗಾಯಕರ ಜಾಗದಲ್ಲೂ ಸಂಯೋಜಕರ ಜಾಗದಲ್ಲೂ ಅವರೇ ಇರಬಹುದು, ನೋಡುವವರಿಗೆ ಇಬ್ಬರಂತೆ ಕಾಣುತ್ತದೆ.

ಅಮೆರಿಕದ ವಿಕ್ಟರ್ ಕಂಪನಿಯಲ್ಲಿ ಎಮಿಲಿಯೊ ಡಿ ಗೊಗೊರ್ಸಾ ಎಂಬ ಬ್ಯಾರಿಟೋನ್ ಇದ್ದರು. ಅವರಂತೂ ಭಾಷೆಗೊಂದು ಹೆಸರು ಇಟ್ಟುಕೊಂಡಿದ್ದರು: ಸ್ಪ್ಯಾನಿಷ್‌ಗೆ ಕಾರ್ಲೋಸ್ ಫ್ರಾನ್ಸಿಸ್ಕೊ, ಫ್ರೆಂಚ್‌ಗೆ ಎಂ. ಫರ್ನಾಂಡ್, ಇಂಗ್ಲಿಷ್‌ಗೆ ಹರ್ಬರ್ಟ್ ಗೊಡಾರ್ಡ್. ದುಬಾರಿ ರೆಡ್ ಸೀಲ್ ಪ್ಲೇಟಿಗೆ ಸ್ವಂತ ಹೆಸರು, ಅಗ್ಗದ ಪ್ಲೇಟಿಗೆ ಬೇರೆ ಹೆಸರು. ಇದರ ಹಿಂದಿದ್ದದ್ದು ನೇರ ಲೆಕ್ಕಾಚಾರ: ಒಂದೇ ಕಂಠ ಎರಡು ಬೆಲೆಯಲ್ಲಿ ಸಿಕ್ಕರೆ ದುಬಾರಿಯದನ್ನು ಯಾರು ಕೊಳ್ಳುತ್ತಾರೆ?

ಗುಪ್ತನಾಮ ಹೌದೋ ಅಲ್ಲವೋ ಎಂದು ಕಿವಿಯೊಂದರಿಂದಲೇ ತೀರ್ಮಾನಿಸಬೇಡಿ. ವೇಗ ತಪ್ಪಿದ್ದರೆ ಒಂದೇ ಕಂಠ ಇಬ್ಬರಂತೆ ಕೇಳುತ್ತದೆ, ಇಬ್ಬರ ಕಂಠ ಒಂದೇ ಎನ್ನಿಸುವುದೂ ಉಂಟು. ಕಂಪನಿಯ ಮುದ್ರಣ ದಾಖಲೆ ಸಿಕ್ಕರೆ ಅದೇ ಕೊನೆಯ ಮಾತು. ಸಿಗದಿದ್ದರೆ ಅಕ್ಕಪಕ್ಕದ ಮ್ಯಾಟ್ರಿಕ್ಸ್ ಅಂಕಿಗಳನ್ನು (ಪ್ರತಿ ಮುದ್ರಣಕ್ಕೂ ಕೊಟ್ಟ ಕ್ರಮಾಂಕ, ವಿವರ ಮುಂದಿದೆ) ನೋಡಿ: ಹಿಂದಿನ ಅಂಕಿಯಲ್ಲಿ ಡಾಸನ್, ಮುಂದಿನದರಲ್ಲೂ ಡಾಸನ್, ನಡುವೆ ಒಂದು ಅಪರಿಚಿತ ಹೆಸರು, ಪಕ್ಕವಾದ್ಯವೂ ಅದೇ ಎಂದಾದರೆ ಅನುಮಾನ ಗಟ್ಟಿ. ಇನ್ನೊಂದು ಎಚ್ಚರಿಕೆ: ಅಗ್ಗದ ಕಂಪನಿಗಳು ಒಂದೇ ಬಳಕೆಯ ಹೆಸರನ್ನು ಹಲವು ಗಾಯಕರಿಗೆ ಹಚ್ಚುತ್ತಿದ್ದವು. ಒಂದು ಹೆಸರು ಒಬ್ಬರದೆಂದು ಒಂದು ಪ್ಲೇಟಿನಲ್ಲಿ ಸಾಬೀತಾದ ಮಾತ್ರಕ್ಕೆ ಆ ಹೆಸರಿನ ಎಲ್ಲ ಪ್ಲೇಟೂ ಅವರದಾಗುವುದಿಲ್ಲ.

ಪ್ಲೇಟಿನ ಮೇಲೆ ಎರಡು ಅಂಕಿ

ಲೇಬಲ್ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಕ್ಯಾಟಲಾಗ್ ಅಂಕಿ, ಅಂಗಡಿಯವರಿಗಾಗಿ ಕೊಟ್ಟದ್ದು. ಹಾಡಿನ ಗೆರೆಗಳು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಜಾಗದಲ್ಲಿ, ಅರಗಿನಲ್ಲೇ ಮೂಡಿರುವುದು ಮ್ಯಾಟ್ರಿಕ್ಸ್ ಅಂಕಿ. ಯಾವ ದಿನ, ಯಾವ ಮೇಣದ ಅಚ್ಚಿಗೆ ಹಾಡಿದರು ಎಂಬುದಕ್ಕೆ ಇದು ಸಾಕ್ಷಿ. ಟಾರ್ಚನ್ನು ಪ್ಲೇಟಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಟ್ಟರೆ ಅಂಕಿ ಎದ್ದು ಕಾಣುತ್ತದೆ. ಮೇಲಿನಿಂದ ನೇರ ಬೆಳಕು ಬಿಟ್ಟರೆ ಕಪ್ಪಿನಲ್ಲಿ ಕಪ್ಪು, ಏನೂ ಕಾಣದು. ಹಳೆಯ ಪ್ಲೇಟುಗಳಲ್ಲಿ ಅಂಕಿ ಲೇಬಲ್ ಕಾಗದದ ಅಡಿ ಸೇರಿರುವುದುಂಟು. ಕಾಗದದ ಉಬ್ಬನ್ನು ಅದೇ ಓರೆ ಬೆಳಕಿನಲ್ಲಿ ಓದಬೇಕು. ಸೀಮೆಸುಣ್ಣ ಉಜ್ಜುವ ಉಪಾಯ ಕೆಲವರು ಹೇಳುತ್ತಾರೆ. ಬೇಡ, ಪುಡಿ ಗೆರೆಗೆ ಇಳಿಯುತ್ತದೆ.

ಗ್ರಾಮಫೋನ್ ಕಂಪನಿಯ ಲಂಡನ್ ಅಂಕಿಗಳಲ್ಲಿ 1921ರಿಂದ Bb ಎಂಬ ಗುರುತು 10 ಇಂಚಿಗೆ, Cc 12 ಇಂಚಿಗೆ. ಅದಕ್ಕೂ ಮುಂಚೆ ಅಂಕಿಯ ಕೊನೆಯಲ್ಲಿ ಒಂದು ಅಕ್ಷರ ಇರುತ್ತಿತ್ತು. ಧ್ವನಿ ಹಿಡಿದ ತಜ್ಞ ಯಾರು, ಪ್ಲೇಟಿನ ಅಳತೆ ಎಷ್ಟು ಎಂಬೆರಡನ್ನೂ ಆ ಅಕ್ಷರವೇ ಹೇಳುತ್ತಿತ್ತು. ಅಂಕಿಯ ಬಾಲದ ಪುಟ್ಟ ಸಂಖ್ಯೆ ಟೇಕ್: ಎಷ್ಟನೆಯ ಸಲ ಹಾಡಿದ್ದು ಎಂದರ್ಥ. ವಿಕ್ಟರ್ ಪ್ಲೇಟುಗಳಲ್ಲಿ ಟೇಕ್ ಅಂಕಿಯನ್ನು ಲೇಬಲ್ಲಿನ ಎಡಕ್ಕೆ, ಗಡಿಯಾರದ ಒಂಬತ್ತು ಗಂಟೆಯ ದಿಕ್ಕಿನಲ್ಲಿ ಹುಡುಕಿ.

ಆಮೇಲೆ ಒಂದು ಗುರುತು ನೋಡಲೇಬೇಕು. ಮ್ಯಾಟ್ರಿಕ್ಸ್ ಅಂಕಿಯ ಪಕ್ಕ ಪುಟ್ಟ ತ್ರಿಕೋನ ಇದ್ದರೆ ವೆಸ್ಟರ್ನ್ ಎಲೆಕ್ಟ್ರಿಕ್ ಪದ್ಧತಿಯ ವಿದ್ಯುತ್ ಮುದ್ರಣ (ಮೈಕ್ ಬಳಸಿ ಹಿಡಿದದ್ದು), ಅಂದರೆ 1925 ಅಥವಾ ಆಮೇಲಿನದು. ಚೌಕ ಇದ್ದರೆ ಅಲನ್ ಬ್ಲಮ್ಲೀನ್ ಎಂಬ ಎಂಜಿನಿಯರ್ ರೂಪಿಸಿದ ಪದ್ಧತಿ, 1931ರಿಂದ ಈಚಿನದು. ಎರಡೂ ಇಲ್ಲದಿದ್ದರೆ, ಹಳೆಯ ಅಂಕಿಯಾಗಿದ್ದರೆ, ಮೈಕಿಲ್ಲದೆ ಕಹಳೆಯೊಳಗೆ ಹಾಡಿದ್ದು. ವಿಕ್ಟರ್ ಪ್ಲೇಟಿನಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ VE ಎಂಬ ಅಕ್ಷರಗಳಿದ್ದರೆ ವಿದ್ಯುತ್ ಮುದ್ರಣ. ಈ ಗುರುತು ಬಿಟ್ಟರೆ ದೊಡ್ಡ ತಪ್ಪಾಗುತ್ತದೆ, ಏಕೆಂದರೆ ಜನಪ್ರಿಯ ಹಾಡುಗಳನ್ನು 1925ರ ನಂತರ ಕಂಪನಿಗಳು ಮತ್ತೆ ಹಾಡಿಸಿ, ಎಷ್ಟೋ ಸಲ ಹಳೆಯ ಕ್ಯಾಟಲಾಗ್ ಅಂಕಿಯಲ್ಲೇ ಮಾರಿದವು. ಲೇಬಲ್ ಒಂದೇ, ಹಾಡು ಒಂದೇ, ಗಾಯಕರ ವಯಸ್ಸು ಮಾತ್ರ ಹತ್ತು ವರ್ಷ ಬೇರೆ.

1912ಕ್ಕೆ ಹಿಂದಿನ ಒಂದು ಮಗ್ಗುಲಿನ ಗ್ರಾಮಫೋನ್ ಪ್ಲೇಟುಗಳ ಕ್ಯಾಟಲಾಗ್ ಅಂಕಿಯಲ್ಲೂ ಅರ್ಥವಿದೆ. 2000ದ ಸಾಲು ಗಂಡಸರ ಹಾಡು, 3000 ಹೆಂಗಸರದು, 4000 ಯುಗಳ ಮತ್ತು ಗುಂಪು ಗಾಯನ. ಆ ಅಂಕಿಯ ಎಡಕ್ಕೆ 5 ಸೇರಿದ್ದರೆ (52000) ಇಟಾಲಿಯನ್, 4 ಜರ್ಮನ್, 3 ಫ್ರೆಂಚ್. ಏನೂ ಇಲ್ಲದಿದ್ದರೆ ಇಂಗ್ಲಿಷ್. ಎಲ್ಲಕ್ಕೂ ಎಡಕ್ಕೆ ಸೊನ್ನೆ ಇದ್ದರೆ 12 ಇಂಚು. ಸಾಲು ತುಂಬಿದಾಗ 2-2000, 3-2000 ಎಂದು ಅಡ್ಡಗೆರೆ ಹಾಕಿ ಮುಂದುವರಿಸಿದರು. ಭಾರತದ ಪ್ಲೇಟುಗಳಿಗೂ ಇದೇ ಲೆಕ್ಕ: 12000 ಗಂಡಸರು, 13000 ಹೆಂಗಸರು. ಮನೆಯಲ್ಲಿ ಅಜ್ಜನ ಕಾಲದ ಕರ್ನಾಟಕ ಸಂಗೀತದ ಪ್ಲೇಟಿದ್ದರೆ ಇದನ್ನು ಒಮ್ಮೆ ಹಚ್ಚಿ ನೋಡಿ. 1912ರಿಂದ ಎರಡು ಮಗ್ಗುಲಿನ ಪ್ಲೇಟಿಗೆ ಹೊಸ ಸಾಲು ಬಂತು. ನೇರಳೆ ಲೇಬಲ್ಲಿನ B 10 ಇಂಚು, C 12 ಇಂಚು. ಡಾಸನ್ ಹೆಚ್ಚಾಗಿ ಸಿಗುವುದು ಇವುಗಳಲ್ಲಿ ಮತ್ತು ಕಂಪನಿಯ ಅಗ್ಗದ ಕವಲಾದ ಜೊನೊಫೋನ್‌ನಲ್ಲಿ. ಬ್ರಿಟನ್ನಿನ ಲೇಬಲ್ ಮೇಲೆ ನಾಯಿಯ ಚಿತ್ರ ಬಂದದ್ದು 1909ರಲ್ಲಿ. ಅದಕ್ಕೂ ಹಿಂದೆ ಗರಿ ಹಿಡಿದು ಪ್ಲೇಟಿನ ಮೇಲೆ ಬರೆಯುವ ದೇವದೂತ.

ಅಂಕಿ ಸಿಕ್ಕ ಮೇಲೆ ದಿನಾಂಕ ಹುಡುಕುವುದು ಸುಲಭ. ಗ್ರಾಮಫೋನ್ ಕಂಪನಿಯ ಮುದ್ರಣಗಳನ್ನು ಅಲನ್ ಕೆಲ್ಲಿ ಪಟ್ಟಿ ಮಾಡಿಟ್ಟಿದ್ದಾರೆ, ಕೆಲ್ಲಿ ಡೇಟಾಬೇಸ್ ಎಂದು ಹುಡುಕಿದರೆ ಸಿಗುತ್ತದೆ. ವಿಕ್ಟರ್, ಕೊಲಂಬಿಯಾ ಮುಂತಾದ ಅಮೆರಿಕದ ಕಂಪನಿಗಳಿಗೆ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಿಎಎಚ್‌ಆರ್ ಎಂಬ ಅಂತರ್ಜಾಲ ಪಟ್ಟಿ ಇದೆ.

ತೊಳೆಯುವುದು

ಪ್ಲೇಟು ಅರಗಿನದು, ಆ ಅರಗು ಹೋಗುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದಲೇ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆದ್ದರಿಂದ ಎಲ್‌ಪಿಗೆ (ನಂತರದ ಕಾಲದ ಪ್ಲಾಸ್ಟಿಕ್ ಪ್ಲೇಟಿಗೆ) ಬಳಸುವ ಆಲ್ಕೊಹಾಲ್ ಬೆರೆತ ದ್ರವ, ಸ್ಯಾನಿಟೈಸರ್, ಕನ್ನಡಕ ಒರೆಸುವ ಸ್ಪ್ರೇ, ಯಾವುದೂ ಕೂಡದು. ಒಮ್ಮೆ ಒರೆಸಿದರೆ ಹೊಳಪು ಹೋಗಿ ಗೆರೆಯ ಗೋಡೆ ಮಂಕಾಗುತ್ತದೆ, ಅದಕ್ಕೆ ಮದ್ದಿಲ್ಲ. ಬಿಸಿನೀರೂ ಬೇಡ, ಪ್ಲೇಟು ಸೊಟ್ಟಗಾಗುತ್ತದೆ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರಿಗೆ ಎರಡು ಮೂರು ತೊಟ್ಟು ಬಣ್ಣ, ವಾಸನೆ ಇಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಅದರ ಬದಲು ಬ್ಯಾಟರಿ ಆಸಿಡ್ ತರಬೇಡಿ, ಬಾಟಲಿ ನೋಡಿ ಕೊಳ್ಳಿ. ಲೇಬಲ್ಲಿಗೆ ನೀರು ತಾಗದಂತೆ ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಸುತ್ತಿಗೇ ಉಜ್ಜಿ, ಅಡ್ಡಡ್ಡ ಬೇಡ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒತ್ತಿ, ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಿರುಕಿದ್ದರೆ ನೀರೇ ಮುಟ್ಟಿಸಬೇಡಿ. ಎಡಿಸನ್‌ನ ದಪ್ಪ ಡೈಮಂಡ್ ಡಿಸ್ಕಿಗೂ ನೀರು ಆಗದು, ಒಳಗಿನ ತಿರುಳು ಉಬ್ಬಿ ಮೇಲ್ಪದರ ಬಿಡುತ್ತದೆ. ಮೇಣದ ಸಿಲಿಂಡರಿಗೂ ಅಷ್ಟೆ. ಮಳೆಗಾಲದ ಬೂಸ್ಟು ಹಿಡಿದಿದ್ದರೆ ಅದು ಮೇಣವನ್ನೇ ತಿಂದಿರುತ್ತದೆ, ತೆಗೆದರೂ ಸದ್ದು ಹೋಗದು. ಪ್ಲೇಟುಗಳನ್ನು ಅಟ್ಟಿ ಹಾಕದೆ ನಿಲ್ಲಿಸಿಡಿ, 10 ಇಂಚು ಮತ್ತು 12 ಇಂಚು ಬೇರೆ ಬೇರೆ.

ಮುಳ್ಳು ಮತ್ತು ಕರ್ವ್

ಕೈಕೀಲಿಯ ಗ್ರಾಮಫೋನಿನಲ್ಲಿ ಹಾಕಿ ಕೇಳುವ ಆಸೆ ಸಹಜ. ಅದರ ತಲೆ ಭಾರ ನೂರು ಗ್ರಾಂ ದಾಟುತ್ತದೆ, ಉಕ್ಕಿನ ಮುಳ್ಳು ಒಂದು ಮಗ್ಗುಲಿಗೇ ಸವೆಯುತ್ತದೆ; ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕದಿದ್ದರೆ ಪ್ಲೇಟು ಸವೆಯುತ್ತದೆ. ಅಪರೂಪದ ಪ್ಲೇಟಿಗೆ ಇದು ತಕ್ಕದ್ದಲ್ಲ.

ವಿದ್ಯುತ್ ಟರ್ನ್‌ಟೇಬಲ್ಲಿನಲ್ಲಿ 78ರ (ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಈ ಅರಗಿನ ಪ್ಲೇಟುಗಳ) ಮುಳ್ಳು ಬೇರೆಯೇ ಬೇಕು. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರದು ಸುಮಾರು 76. ಎಲ್‌ಪಿ ಮುಳ್ಳು ಅಗಲವಾದ ಗೆರೆಯ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ಓದುತ್ತದೆ. ಬರೀ ಬುರ್ರೆಂಬ ಸದ್ದು, ಹಾಡು ದೂರ. ಭಾರ 3ರಿಂದ 5 ಗ್ರಾಂ ಇಡಿ. ಕಡಿಮೆ ಮಾಡಿದರೆ ಪ್ಲೇಟಿಗೆ ಒಳ್ಳೆಯದು ಎನ್ನುವುದು ತಪ್ಪು: ಮುಳ್ಳು ಕುಣಿದು ಗೋಡೆಗೆ ಹೊಡೆಯುತ್ತದೆ. ಉಕ್ಕಿನ ಮುಳ್ಳಿನಿಂದ ಸವೆದ ಪ್ಲೇಟಾದರೆ 60ರಿಂದ 90 ಮೈಕ್ರಾನ್‌ವರೆಗೆ ಬೇರೆ ಅಳತೆ ಹಾಕಿ ನೋಡಿ. ಸವೆಯದ ಎತ್ತರದಲ್ಲಿ ಮುಳ್ಳು ಕೂತಾಗ ಕಂಠ ತಟ್ಟನೆ ತಿಳಿಯಾಗುತ್ತದೆ.

ಸ್ಟೀರಿಯೊದಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಎರಡೂ ಚಾನೆಲ್ ಕೂಡಿಸಿ ಮೋನೊ ಮಾಡಿದರೆ ಗೆರೆಯ ಮೇಲೆ ಕೆಳಗಿನ ಸದ್ದು ಅಳಿದು ಹಾಡು ಉಳಿಯುತ್ತದೆ. ಪಾಥೆ ಮತ್ತು ಎಡಿಸನ್ ಪ್ಲೇಟುಗಳಲ್ಲಿ ಮಾತ್ರ ಉಲ್ಟಾ. ಅವುಗಳ ಗೆರೆ ಮೇಲೆ ಕೆಳಗೆ ಆಡುತ್ತದೆ, ಕೂಡಿಸಿದರೆ ಹಾಡೇ ಮಾಯ. ಒಂದು ಚಾನೆಲ್ ತಿರುವಿ ಹಾಕಿ ಕೂಡಿಸಬೇಕು. ರುಫೋ ಅವರ ಮೊದಲ ಪ್ಲೇಟುಗಳು ಪಾಥೆಯವು. ಹಳೆಯ ಪಾಥೆ ಪ್ಲೇಟು ಕೆಲವು ನಡುವಿನಿಂದ ಶುರುವಾಗಿ ಅಂಚಿಗೆ ಮುಗಿಯುತ್ತವೆ, ತಿರುಗುವುದೂ 90 ಅಥವಾ ಅದಕ್ಕಿಂತ ಜೋರು.

ಇಂದಿನ ಆಂಪ್ಲಿಫೈಯರುಗಳಲ್ಲಿ ಫೋನೊ ಎಂದರೆ ಆರ್‌ಐಎಎ ಕರ್ವ್: ಎಲ್‌ಪಿ ಮುದ್ರಿಸುವಾಗ ಏರಿಸಿದ ತಾರಸ್ವರಗಳನ್ನು ತಗ್ಗಿಸಿ, ಇಳಿಸಿದ ಮಂದ್ರವನ್ನು ಎತ್ತುವ ಹೊಂದಿಕೆ. ಅದು 10,000 ಹರ್ಟ್ಜ್‌ನಲ್ಲಿ ಸುಮಾರು 14 ಡೆಸಿಬೆಲ್ ತಗ್ಗಿಸುತ್ತದೆ. ಕಹಳೆಯ ಕಾಲದ ಮುದ್ರಣಕ್ಕೆ ಅಂಥ ಏರಿಕೆಯನ್ನೇ ಕೊಟ್ಟಿರಲಿಲ್ಲ, ಹಾಗಾಗಿ ತಗ್ಗಿಸಿದರೆ ಕಂಬಳಿ ಹೊದೆದು ಹಾಡಿದ ಹಾಗೆ ಕೇಳುತ್ತದೆ. ಏನನ್ನೂ ಏರಿಸದ, ತಗ್ಗಿಸದ ಫ್ಲಾಟ್ ಪ್ರಿಆಂಪ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ರೆಕಾರ್ಡ್ ಮಾಡಿದ ಮೇಲೆ ಆಡಾಸಿಟಿಯಂಥ ತಂತ್ರಾಂಶದಲ್ಲಿ ಆರ್‌ಐಎಎ ಕರ್ವನ್ನು ತಿರುವಿ ಹಾಕಿ. ತ್ರಿಕೋನದ ಗುರುತಿರುವ ವಿದ್ಯುತ್ ಮುದ್ರಣಕ್ಕೆ ಸುಮಾರು 250 ಹರ್ಟ್ಜ್‌ನಿಂದ ಕೆಳಗೆ ಮಂದ್ರ ಎತ್ತಿಕೊಡಬೇಕು, ಮೇಲೆ ಏನೂ ಬೇಡ.

ಟರ್ನ್‌ಟೇಬಲ್ಲಿನಲ್ಲಿ 78 ಇಲ್ಲದಿದ್ದರೆ 45ರಲ್ಲಿ ರೆಕಾರ್ಡ್ ಮಾಡಿ ತಂತ್ರಾಂಶದಲ್ಲಿ ವೇಗವನ್ನು ಶೇ 73.3 ಏರಿಸಬಹುದು. ಆಗ ಆರ್‌ಐಎಎ ತಿರುವುವ ಕೆಲಸ ವೇಗ ಬದಲಿಸುವ ಮೊದಲೇ ಆಗಬೇಕು. ಆಮೇಲೆ ಮಾಡಿದರೆ ಕರ್ವ್ ತಪ್ಪು ಜಾಗದಲ್ಲಿ ಕೂರುತ್ತದೆ.

ವೇಗ: ಎಲ್ಲ ಎಡವುವುದು ಇಲ್ಲೇ

‘78’ ಎಂಬುದು ನಂತರ ನೆಲೆಯಾದ ಮಾತು. 1900ರಿಂದ 1925ರ ನಡುವಿನ ಪ್ಲೇಟುಗಳು ನಿಮಿಷಕ್ಕೆ 70ರ ಆಸುಪಾಸಿನಿಂದ 82ರವರೆಗೆ ಎಲ್ಲಾದರೂ ಇರಬಹುದು. ಕೊಲಂಬಿಯಾ 80 ಎಂದು ಲೇಬಲ್ಲಿನಲ್ಲೇ ಅಚ್ಚು ಹಾಕುತ್ತಿತ್ತು. ಬ್ಯಾರಿಟೋನ್ ಕಂಠಕ್ಕೆ ಇದು ಬಹಳ ಮುಖ್ಯ. ಎರಡು ಅರ್ಧಮನೆ (ಕೀಬೋರ್ಡಿನಲ್ಲಿ ಕಪ್ಪು ಬಿಳಿ ಸೇರಿಸಿ ಪಕ್ಕಪಕ್ಕದ ಮನೆಗಳ ಅಂತರ ಒಂದು ಅರ್ಧಮನೆ) ಏರಿದರೆ ಶಾರೀರದ ತೂಕ ಇಳಿದು ಟೆನರ್, ಅಂದರೆ ಗಂಡಸರ ಎತ್ತರದ ಕಂಠದಂತಾಗುತ್ತದೆ, ಇಳಿದರೆ ಯಾರ ಕಂಠವೂ ಗಡಸು ಬ್ಯಾಸ್, ಅಂದರೆ ತಗ್ಗಿನ ಕಂಠ ಆಗುತ್ತದೆ. ‘ಯೌವನದಲ್ಲಿ ಕಂಠ ಹಗುರವಾಗಿತ್ತು’ ಎಂಬಂಥ ಬರಹಗಳಲ್ಲಿ ಕೆಲವು ಬರೀ ವೇಗದ ತಪ್ಪು.

ಮೊದಲು ಟರ್ನ್‌ಟೇಬಲ್ ನಿಜವಾಗಿ ಎಷ್ಟಕ್ಕೆ ತಿರುಗುತ್ತಿದೆ ನೋಡಿ. ನಮ್ಮ 50 ಹರ್ಟ್ಜ್ ವಿದ್ಯುತ್ತಿಗೆ 77 ಪಟ್ಟಿಗಳ ಸ್ಟ್ರೋಬ್ ಚಕ್ರ (ಟರ್ನ್‌ಟೇಬಲ್ ಮೇಲಿಟ್ಟು ಮಿನುಗುವ ದೀಪದಲ್ಲಿ ನೋಡುವ ಬಿಲ್ಲೆ) ಬೇಕು. ಪಟ್ಟಿ ನಿಂತಂತೆ ಕಂಡರೆ ವೇಗ 77.92. ಅಮೆರಿಕದ 60 ಹರ್ಟ್ಜ್‌ನ 92 ಪಟ್ಟಿಯ ಚಕ್ರವನ್ನು ಅಂತರ್ಜಾಲದಿಂದ ಇಳಿಸಿಕೊಂಡು ಇಲ್ಲಿ ಇಟ್ಟರೆ ಪಟ್ಟಿ ನಿಲ್ಲುವುದು 65ರ ವೇಗದಲ್ಲಿ. ಎಲ್‌ಇಡಿ ಬಲ್ಬುಗಳು ಹಲವು ಮಿನುಗುವುದೇ ಇಲ್ಲ, ಹಳೆಯ ತಂತಿ ಬಲ್ಬ್ ಅಥವಾ ನಿಯಾನ್ ಟೆಸ್ಟರ್ ದೀಪ ಬಳಸಿ.

ಆಮೇಲೆ ಶ್ರುತಿ. ಹಾಡಿನ ಅಚ್ಚಾದ ಸ್ವರಲಿಪಿ ಹುಡುಕಿ ಮೂಲ ಯಾವ ಮನೆಯಲ್ಲಿದೆ ನೋಡಿ. ಪ್ಲೇಟಿನ ಕೊನೆಯ ಸ್ವರಕ್ಕೆ ಕೀಬೋರ್ಡ್ ಕೂಡಿಸಿ. ಒಂದು ಅರ್ಧಮನೆ ಎಂದರೆ ವೇಗದಲ್ಲಿ ಶೇ 5.95. 78ರಲ್ಲಿ ಆಡಿಸಿದಾಗ ಅರ್ಧಮನೆ ಮೇಲಿದ್ದರೆ ಸರಿಯಾದ ವೇಗ 73.6, ಅರ್ಧಮನೆ ಕೆಳಗಿದ್ದರೆ 82.6, ಅರ್ಧಮನೆಯ ಅರ್ಧದಷ್ಟು ಮೇಲಿದ್ದರೆ 75.8.

ಇಲ್ಲಿ ಬೀಳಬಹುದಾದ ಮೂರು ಗುಂಡಿಗಳಿವೆ. ಗಾಯಕರು ತಮ್ಮ ಅನುಕೂಲಕ್ಕೆ ಹಾಡನ್ನು ಮೇಲೆ ಕೆಳಗೆ ಮಾಡಿಕೊಳ್ಳುತ್ತಿದ್ದರು, ಲಾವಣಿಯಂಥ ಇಂಗ್ಲಿಷ್ ಹಾಡುಗಳು ಅಚ್ಚಾಗುತ್ತಿದ್ದದ್ದೇ ಎರಡು ಮೂರು ಶ್ರುತಿಗಳಲ್ಲಿ. ಎರಡನೆಯದು, ಆ ಕಾಲದ ಇಂಗ್ಲೆಂಡಿನ ಬ್ಯಾಂಡುಗಳು ಹಳೆಯ ಎತ್ತರದ ಶ್ರುತಿಯನ್ನು, ಅಂದರೆ A ಸ್ವರಕ್ಕೆ 452 ಹರ್ಟ್ಜ್ ಸುತ್ತಮುತ್ತಲಿನದನ್ನು, 1920ರ ದಶಕದವರೆಗೂ ಬಿಟ್ಟಿರಲಿಲ್ಲ; ಇಂದಿನ 440ಕ್ಕೆ ಹೋಲಿಸಿದರೆ ಇದೇ ಹತ್ತಿರ ಹತ್ತಿರ ಅರ್ಧಮನೆಯ ಅರ್ಧ. ಮೂರನೆಯದು, ಕೆಲವು ಪ್ಲೇಟುಗಳಲ್ಲಿ ವೇಗ ಶುರುವಿಗೂ ಕೊನೆಗೂ ಒಂದೇ ಇರುವುದಿಲ್ಲ. ಎರಡೂ ತುದಿಯಲ್ಲಿ ಅಳೆಯಿರಿ.

ಈ ಗೊಂದಲ ಬಿಡಿಸಲು ಒಂದೇ ಪ್ಲೇಟು ಸಾಲದು. ಅಂಕಿಗಳ ಕೆಲಸ ಇಲ್ಲಿ ಮತ್ತೆ ಬರುತ್ತದೆ. ಒಂದೇ ದಿನ ಹಿಡಿದ ಅಕ್ಕಪಕ್ಕದ ಮ್ಯಾಟ್ರಿಕ್ಸ್‌ಗಳ ವೇಗ ಸಾಮಾನ್ಯವಾಗಿ ಒಂದೇ. ನಾಲ್ಕು ಹಾಡುಗಳಲ್ಲಿ ಮೂರಕ್ಕೆ 76 ಎಂದು ಬಂದು ಒಂದಕ್ಕೆ 80.5 ಬಂದರೆ, ಆ ಒಂದನ್ನು ಅರ್ಧಮನೆ ಇಳಿಸಿ ಹಾಡಿದ್ದಾರೆ ಎಂದು ತಿಳಿಯಿರಿ. ಕಂಪನಕ್ಕೂ ಕಿವಿಗೊಡಿ: ತರಬೇತಾದ ಕಂಠದ ಕಂಪನ ಸೆಕೆಂಡಿಗೆ 5ರಿಂದ 7. ಅದು ಮೇಕೆಯ ಸದ್ದಾಗಿದ್ದರೆ ವೇಗ ಹೆಚ್ಚು.

ಕೇಳುವಾಗ ಏನನ್ನು ನಂಬಬಹುದು

ಕಹಳೆಯ ಪದ್ಧತಿ ಹಿಡಿಯುತ್ತಿದ್ದದ್ದು ಸುಮಾರು 200ರಿಂದ 2,500 ಹರ್ಟ್ಜ್. ಬ್ಯಾರಿಟೋನಿನ ಕೆಳಗಿನ G ಸುಮಾರು 98 ಹರ್ಟ್ಜ್, ಮೇಲಿನ G 392. ಮಂದ್ರದ ಮೂಲ ಸ್ವರ ಪ್ಲೇಟಿನಲ್ಲಿ ಇರುವುದೇ ಇಲ್ಲ. ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಅನುಸ್ವರಗಳಿಂದ ಕಿವಿ ಅದನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ‘ಮಂದ್ರದಲ್ಲಿ ದಮ್ಮಿಲ್ಲ’ ಎಂದು 1910ರ ಪ್ಲೇಟು ಕೇಳಿ ಬರೆಯಬೇಡಿ. ಸಕಾರ, ಫಕಾರಗಳೂ ಸರಿಯಾಗಿ ಬೀಳುತ್ತಿರಲಿಲ್ಲ. ಇಂಥ ಯಂತ್ರದ ಮುಂದೆಯೂ ಡಾಸನ್ ಅವರ ಒಂದೊಂದು ಮಾತೂ ಬಿಡಿಸಿ ಕೇಳುತ್ತದೆ. ಅವರ ಪ್ಲೇಟು ಹಾಗೆ ಮಾರಿದ್ದಕ್ಕೆ ಇದೊಂದು ಕಾರಣ ಎನ್ನಬಹುದು. ಜೋರು ತಾರಸ್ವರ ಬಂದಾಗ ಗಾಯಕರು ಕಹಳೆಯಿಂದ ಹಿಂದೆ ಸರಿಯಬೇಕಿತ್ತು, ಇಲ್ಲದಿದ್ದರೆ ಮೇಣದಲ್ಲಿ ಗೆರೆ ಒಂದರ ಮೇಲೊಂದು ಹಾಯುತ್ತಿತ್ತು. ಸದ್ದಿನ ಏರಿಳಿತ ಹಾಗಾಗಿ ಅರ್ಧ ಗಾಯಕರದು, ಅರ್ಧ ಹೆಜ್ಜೆಯದು.

ಲಯದ ಬಗ್ಗೆಯೂ ಹುಷಾರು. 10 ಇಂಚಿನಲ್ಲಿ ಮೂರು ನಿಮಿಷ, 12 ಇಂಚಿನಲ್ಲಿ ನಾಲ್ಕರಿಂದ ನಾಲ್ಕೂವರೆ. ಹಾಡು ಹಿಡಿಸದಿದ್ದರೆ ಚರಣ ಬಿಡುತ್ತಿದ್ದರು, ಇಲ್ಲವೇ ಓಡಿಸುತ್ತಿದ್ದರು. ಒಂದೇ ಹಾಡಿನ ಕಹಳೆ ಪ್ಲೇಟು ಮತ್ತು ತ್ರಿಕೋನದ ಪ್ಲೇಟು ಎರಡೂ ಸಿಕ್ಕರೆ ಎದುರೆದುರು ಇಟ್ಟು ಕೇಳಿ. ಗಾಯಕರಲ್ಲಿ ನಿಜವಾಗಿ ಬದಲಾದದ್ದೇನು, ಯಂತ್ರದಿಂದ ಬದಲಾದದ್ದೇನು ಎಂದು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬರೆದಿಡುವುದು

ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲಿಗೆ ಒಂದು ಮಗ್ಗುಲು, ಪ್ಲೇಟಿಗೊಂದು ಸಾಲಲ್ಲ. ಮ್ಯಾಟ್ರಿಕ್ಸ್, ಟೇಕ್, ಕ್ಯಾಟಲಾಗ್ ಅಂಕಿ, ಲೇಬಲ್ಲಿನ ಹೆಸರು, ನಿಜವಾದ ಗಾಯಕರು, ಅದಕ್ಕೆ ಆಧಾರ, ಪಕ್ಕವಾದ್ಯ, ಹಾಡಿದ ದಿನಾಂಕ, ಅಳೆದ ವೇಗ, ಬಳಸಿದ ಮುಳ್ಳು, ಇವಿಷ್ಟು ಅಂಕಣ ಬೇಕೇ ಬೇಕು. ‘ಹಾಡಿದ ದಿನ’ ಮತ್ತು ‘ಬಿಡುಗಡೆ’ ಬೇರೆ ಅಂಕಣ. ಎರಡರ ನಡುವೆ ತಿಂಗಳುಗಳೇ ಕಳೆದಿರುತ್ತವೆ. ಡಾಸನ್ ಅವರ ದಿನಾಂಕಗಳನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದ ಹಳೆಯ ಪತ್ರಿಕೆಗಳೊಂದಿಗೆ ತಾಳೆ ನೋಡಿ: ಆ ವಾರ ಅವರು ಮೆಲ್ಬರ್ನಿನಲ್ಲಿ ಕಛೇರಿ ಮಾಡಿದ್ದರೆ ಲಂಡನ್ನಿನ ಮ್ಯಾಟ್ರಿಕ್ಸ್ ದಿನಾಂಕ ಎಲ್ಲೋ ತಪ್ಪಾಗಿದೆ.

ಧ್ವನಿಯನ್ನು 96 ಕಿಲೊಹರ್ಟ್ಜ್, 24 ಬಿಟ್ ವೇವ್ ಕಡತವಾಗಿ ಇಡಿ. ತಿದ್ದದ ಈ ಮೂಲವನ್ನು ಮುಟ್ಟಬೇಡಿ. ತಿದ್ದುವುದೆಲ್ಲ ಪ್ರತಿಯ ಮೇಲೆ: ಮೊದಲು ಟಿಕ್ ಟಿಕ್ ಸದ್ದು ತೆಗೆಯುವುದು, ಆಮೇಲೆ ವೇಗ, ಕೊನೆಗೆ ಬೇಕಿದ್ದರೆ ಮಾತ್ರ ಸುಯ್ ಸದ್ದು ತಗ್ಗಿಸುವುದು. ಸುಯ್ ಪೂರ್ತಿ ಹೋಗುವವರೆಗೆ ತಗ್ಗಿಸಿದರೆ ಕಂಠ ನೀರೊಳಗಿಂದ ಬಂದಂತಾಗುತ್ತದೆ.

ಅಂತರ್ಜಾಲಕ್ಕೆ ಏರಿಸುವುದಾದರೆ ಎರಡು ಹಕ್ಕು ಬೇರೆ ಬೇರೆ ನೋಡಬೇಕು. ಧ್ವನಿಮುದ್ರಣದ ಹಕ್ಕು ಭಾರತದಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಮೆರಿಕದಲ್ಲಿ 1923ಕ್ಕೆ ಹಿಂದಿನವು 2022ರ ಜನವರಿ 1ರಿಂದ ಮುಕ್ತ, 1923ರಿಂದ 1946ರವರೆಗಿನವಕ್ಕೆ 100 ವರ್ಷ. ಹಾಡಿನ ಹಕ್ಕು ಭಾರತ, ಬ್ರಿಟನ್ನುಗಳಲ್ಲಿ ಅದನ್ನು ಬರೆದವರ ಸಾವಿನಿಂದ ಲೆಕ್ಕ. ಕಿಪ್ಲಿಂಗ್ 1936ರಲ್ಲಿ ತೀರಿಕೊಂಡವರು, ಅವರ ಸಾಲುಗಳಿಗೆ ತೊಡಕಿಲ್ಲ. ಆದರೆ ಮೆಕಾಲ್ ಹೆಸರಿನ ಧಾಟಿಗಳು 1961ರಲ್ಲಿ ತೀರಿಕೊಂಡ ಡಾಸನ್ ಅವರವು: ಭಾರತದ 60 ವರ್ಷದ ಲೆಕ್ಕದಲ್ಲಿ 2021ರ ಕೊನೆಗೆ ಮುಗಿದಿದೆ, ಬ್ರಿಟನ್ನಿನ 70 ವರ್ಷದ ಲೆಕ್ಕದಲ್ಲಿ 2031ರ ಕೊನೆಯವರೆಗೂ ಇದೆ.